ಬಣ್ಣ ನಾನೇ ಬಳಿದೆ, ರಸ್ತೆಗೆ ದುಡ್ಡು ಕೊಟ್ಟೆ

ಶಿರಸಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವುದು ನನ್ನ ಕೆಲಸ. ಹಗಲೆಲ್ಲ ಗೃಹಪ್ರವೇಶ, ಯಕ್ಷಗಾನ, ಹುಟ್ಟುಹಬ್ಬದ ಬ್ಯಾನರು. ರಾತ್ರಿ ಊಟ ಆದಮೇಲೆ ಯೂರೋ ಟ್ರಕ್ ಸಿಮ್ಯುಲೇಟರ್ 2. ಝೆಕ್ ದೇಶದ ಎಸ್‌ಸಿಎಸ್ ಕಂಪನಿ 2012ರಲ್ಲಿ ಬಿಟ್ಟ ಕಂಪ್ಯೂಟರ್ ಆಟ. ಯುರೋಪಿನ ರಸ್ತೆಗಳಲ್ಲಿ ಲಾರಿ ಓಡಿಸಿ ಬಾಡಿಗೆ ದುಡಿಯುವುದು, ಅಷ್ಟೇ.

ಒಂದು ರಾತ್ರಿ ಆಯಿ ಬಾಗಿಲಲ್ಲಿ ನಿಂತು ಕೇಳಿದಳು, "ಇಷ್ಟೊತ್ತಲ್ಲಿ ಎಂತ ಮಾಡ್ತಾ ಇದ್ದೆ?"

"ಮಾಡ್ ಮಾಡ್ತಾ ಇದ್ದಿ."

"ಅದೇ, ಎಂತ ಮಾಡ್ತಾ ಇದ್ದೆ ಹೇಳಿ ಕೇಳಿದ್ದು!"

ಅವಳಿಗೆ ಇವತ್ತಿಗೂ ಅರ್ಥ ಆಗಿಲ್ಲ. ಆಡುವವರೇ ಕೂತು ಆಟಕ್ಕೆ ಏನಾದರೂ ಸೇರಿಸಿದರೆ ಅದು ಮಾಡ್, ಬಹುಪಾಲು ಪುಕ್ಕಟೆ. ಕಂಪನಿಯೇ ಸೇರಿಸಿ ದುಡ್ಡಿಗೆ ಮಾರಿದರೆ ಅದು ಡಿಎಲ್‌ಸಿ. ನಮ್ಮ ಗೆಳೆಯರ ಗುಂಪಿನಲ್ಲಿ ಡಿಎಲ್‌ಸಿ ಅಂದರೆ ಬೈಗುಳ. ಆಟಕ್ಕೂ ದುಡ್ಡು, ಆಟದ ಬಾಲಕ್ಕೂ ದುಡ್ಡು ಅಂತ ಮೊದಲು ಬೈಯುತ್ತಿದ್ದವನು ನಾನೇ.

ಶುರು ಮಾಡಿದ್ದು ಲಾರಿಯ ಬಣ್ಣದಿಂದ. ಆಟಕ್ಕೆ ಬಣ್ಣದ ಡಿಎಲ್‌ಸಿಗಳು ಬೇಕಾದಷ್ಟಿವೆ, ದೇಶಕ್ಕೊಂದರ ಹಾಗೆ. ಹೊಟ್ಟೆಪಾಡಿಗೆ ದಿನಾ ಬಣ್ಣ ತುಂಬುವವನು ಬಣ್ಣಕ್ಕೆ ದುಡ್ಡು ಕೊಡೋದಾ? ಯಾರೋ ಮಾಡಿಟ್ಟಿದ್ದ ಭಾರತದ ಲಾರಿಯ ಮಾಡ್ ಇಳಿಸಿಕೊಂಡೆ. ಅದರ ಮೈಬಣ್ಣ ಅಂದರೆ ಒಂದು ಚಿತ್ರ, 4096 ಚುಕ್ಕಿ ಉದ್ದ, ಅಷ್ಟೇ ಅಗಲ. ರಟ್ಟಿನ ಪೆಟ್ಟಿಗೆ ಬಿಚ್ಚಿ ನೆಲಕ್ಕೆ ಹರಡಿದ ಹಾಗೆ ಬಾಗಿಲು, ಬಂಪರು, ಹಿಂಬದಿ ಎಲ್ಲ ಅದರಲ್ಲಿ ಬಿದ್ದಿರುತ್ತವೆ. ಚಿತ್ರ ಬಿಡಿಸುವ ಕೋರೆಲ್ ಸಾಫ್ಟ್‌ವೇರ್‌ನಲ್ಲಿ ಕನ್ನಡದ ನುಡಿ ಫಾಂಟ್ ಹಾಕಿ ಬಾಗಿಲ ಮೇಲೆ 'ಶ್ರೀ ಮಾರಿಕಾಂಬಾ ಪ್ರಸನ್ನ' ಅಂತ ಬರೆದೆ. ಹಿಂದೆ ಶಿರಸಿಯ ಕೆಎ 31 ನಂಬರು. ಚಿತ್ರವನ್ನು ಆಟ ಓದುವ ಡಿಡಿಎಸ್ ಫೈಲಾಗಿ ಬದಲಿಸಿ ಮಾಡ್ ಫೋಲ್ಡರಿಗೆ ಹಾಕಿ ಆಟ ತೆರೆದೆ.

ಡ್ರೈವರ್ ಕಡೆ ಬಾಗಿಲು ಚೆಂದ ಬಂದಿತ್ತು. ಸುತ್ತು ಹಾಕಿ ಆಚೆ ಬದಿ ನೋಡಿದರೆ ಅಮ್ಮನವರ ಹೆಸರು ಆಂಬುಲೆನ್ಸ್ ಮೇಲೆ ಬರೆದಂತೆ ತಿರುಗುಮುರುಗು! ಲಾರಿ ಮಾಡಿದವರು ಜಾಗ ಉಳಿಸಲು ಎರಡೂ ಬಾಗಿಲಿಗೆ ಚಿತ್ರದ ಒಂದೇ ತುಂಡು ಬಳಸಿದ್ದರು. ಒಂದು ಬದಿ ನೇರ, ಇನ್ನೊಂದು ಬದಿ ಕನ್ನಡಿ. ಕೊನೆಗೆ ಹೆಸರನ್ನು ಗಾಜಿನ ಮೇಲಿನ ಹಲಗೆಗೆ ಸಾಗಿಸಿದೆ. ಬಾಗಿಲಿಗೆ ಹೂಬಳ್ಳಿ ಬಿಡಿಸಿದೆ. ಬಳ್ಳಿ ಕನ್ನಡಿಯಲ್ಲೂ ಬಳ್ಳಿಯೇ ಅಲ್ವಾ.

ಲಾರಿ ಆಯಿತು, ಲೋಡು ಬೇಡವೇ? ಶಿರಸಿ ಲಾರಿಗೆ ಅಡಿಕೆ ಬಿಟ್ಟು ಬೇರೆ ಏನು ಹೇರುವುದು? ಹೊಸ ಸರಕು ಸೇರಿಸಲು ಚಿತ್ರ ಗಿತ್ರ ಏನೂ ಬೇಡ. ಮಾಮೂಲಿ ನೋಟ್‌ಪ್ಯಾಡಿನಲ್ಲಿ ತೆರೆಯುವ ಒಂದು ಫೈಲು. ಹೆಸರು, ಒಂದೊಂದು ಚೀಲದ ಅಥವಾ ಪೆಟ್ಟಿಗೆಯ ತೂಕ, ಅದು ಹಿಡಿಯುವ ಜಾಗ, ಕಿಲೋಮೀಟರಿಗೆ ಎಷ್ಟು ಬಾಡಿಗೆ, ಎಂಥ ಟ್ರೇಲರಿಗೆ ಹೇರಬಹುದು. ಆಮೇಲೆ ಯಾವ ಕಂಪನಿಯಿಂದ ಹೊರಡಬೇಕು, ಯಾವುದಕ್ಕೆ ಮುಟ್ಟಬೇಕು ಅಂತ ಬೇರೆ ಬೇರೆ ಸಣ್ಣ ಫೈಲು. ಒಂದು ಬ್ರಾಕೆಟ್ ತಪ್ಪಿದರೂ ಕೆಲಸ ಕೆಡುತ್ತದೆ. ಆಗ ಆಟ ತಾನೇ ಬರೆದಿಡುವ ಲಾಗ್ ಫೈಲು ತೆರೆದು ಎರರ್ ಅಂತ ಇರುವ ಸಾಲು ಹುಡುಕಬೇಕು. ನಾನು ಮಾಡ್ ಕಲಿತದ್ದರಲ್ಲಿ ಅರ್ಧ ಕಲಿತದ್ದು ಆ ಲಾಗ್ ಓದಿಯೇ.

ಚೀಲಕ್ಕೆ 65 ಕೆ.ಜಿ. ಅಂತ ಅಪ್ಪಯ್ಯನ ಲೆಕ್ಕ ಬರೆದೆ. ಬಾಡಿಗೆ 1 ಅಂತ ಹಾಕಿದೆ, ಕಿಲೋಮೀಟರಿಗೆ ಒಂದು ಯೂರೋ, ಕಮ್ಮಿಯೇ ಆಯಿತು ಅಂದುಕೊಂಡು. ಹೆಸರು ಕನ್ನಡದಲ್ಲಿ 'ಚಾಲಿ ಅಡಿಕೆ'. ಆಟ ತೆರೆದರೆ ಹೆಸರೇ ಕಾಣಿಸಲಿಲ್ಲ. ಲಾರಿ ಮೇಲಿನ ಕನ್ನಡ ಬರೀ ಚಿತ್ರ, ಅದಕ್ಕೇ ಬರುತ್ತದೆ. ಪಟ್ಟಿಯಲ್ಲಿ ಬರುವುದು ಆಟದ ಸ್ವಂತ ಅಕ್ಷರ, ಅದರಲ್ಲಿ ಕನ್ನಡ ಇಲ್ಲ. ಒತ್ತಕ್ಷರದ ಮಾತು ಇನ್ನೂ ದೂರ. ಇಂಗ್ಲಿಷ್ ಅಕ್ಷರದಲ್ಲೇ ಬರೆದು ಸಮಾಧಾನ ಮಾಡಿಕೊಂಡೆ.

ಮೊದಲ ಬಾಡಿಗೆ ಫ್ರಾನ್ಸಿನ ಕ್ಯಾಲೆಯಿಂದ ಸಿಕ್ಕಿತು. 370 ಚೀಲ, ಸುಮಾರು 24 ಟನ್, 700 ಕಿ.ಮೀ. ಹಿಂದೆ ನಿಂತು ನೋಡುತ್ತಿದ್ದ ಅಪ್ಪಯ್ಯ ಪರದೆಗೆ ಬೆರಳು ಇಟ್ಟ. "ಎಂತದಾ ತಮಾ ಇದು? ಅಡಕೆಗೆ ಇಷ್ಟು ಬಾಡಿಗೆ ಎಲ್ಲಿದ್ದು?" ನೋಡಿದರೆ 2,59,000 ಯೂರೋ! ನಾನು ಇಡೀ ಲಾರಿಗೆ ಅಂತ ಬರೆದ ಒಂದು ಯೂರೋವನ್ನು ಆಟ ಚೀಲಕ್ಕೊಂದರಂತೆ ಗುಣಿಸಿತ್ತು. ಸರಿ ಮಾಡುವ ಮುಂಚೆ ಆ ಒಂದು ಟ್ರಿಪ್ ಹೊಡೆದುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಇಷ್ಟಾದಮೇಲೆ ತಲೆಗೇರಿತು. ಶಿರಸಿ-ಕುಮಟೆ ದಾರಿಯ ನಮ್ಮ ದೇವಿಮನೆ ಘಟ್ಟವನ್ನೇ ಆಟಕ್ಕೆ ತರಬೇಕು ಅಂತ ಕೂತೆ. ಆಟದ ಒಳಗೇ ಮ್ಯಾಪ್ ಎಡಿಟರ್ ಇದೆ. ಯುರೋಪನ್ನು ಅವರು 1:19 ಅಳತೆಗೆ ಕುಗ್ಗಿಸಿದ್ದಾರೆ. ಆ ಲೆಕ್ಕಕ್ಕೆ ಶಿರಸಿಯಿಂದ ಕುಮಟೆ ಸುಮಾರು 60 ಕಿ.ಮೀ. ಅಂದರೆ ಮೂರೇ ಕಿ.ಮೀ. ಇದೆಂಥ ಮಹಾ ಕೆಲಸ ಅನಿಸಿತು. ಮೂರು ತಿರುವಿಗೆ ಹನ್ನೊಂದು ರಾತ್ರಿ ಹೋಯಿತು. ರಸ್ತೆ ಎಳೆಯುವುದು ಸುಲಭ. ಅದರ ಬದಿಯ ಗುಡ್ಡ ರಸ್ತೆಯ ಒಳಗೆ ನುಗ್ಗುತ್ತದೆ. ಗುಡ್ಡ ತಗ್ಗಿಸಿದರೆ ರಸ್ತೆ ಗಾಳಿಯಲ್ಲಿ ತೇಲುತ್ತದೆ. ಮರ ನೆಟ್ಟರೆ ಯುರೋಪಿನ ಮರ, ನಮ್ಮ ಕಾಡಿನ ಕತ್ತಲೆ ಬರುವುದೇ ಇಲ್ಲ. ಎದುರಿನಿಂದ ಬರುವ ವಾಹನಗಳು ತಿರುವಿನಲ್ಲಿ ಒಂದರ ಬೆನ್ನಿಗೆ ಒಂದು ಸುಮ್ನೆ ನಿಂತುಬಿಡುತ್ತವೆ. ಅದರ ಮೇಲೆ ಜುಲೈ ತಿಂಗಳು, ಶಿರಸಿ ಮಳೆ. ನಾಲ್ಕನೆಯ ತಿರುವು ಮುಗಿಯಿತು ಅನ್ನುವಾಗ ಕರೆಂಟ್ ಹೋಯಿತು. ಸೇವ್ ಮಾಡಿರಲಿಲ್ಲ.

ಆ ವರ್ಷದ ಸೇಲ್‌ನಲ್ಲಿ ಐಬೀರಿಯಾ ತಗೊಂಡೆ. ಸ್ಪೇನ್, ಪೋರ್ಚುಗಲ್ ರಸ್ತೆಗಳ ಡಿಎಲ್‌ಸಿ, 2021ರದ್ದು. ಒಂದು ಗುಡ್ಡದ ರಸ್ತೆಯಲ್ಲಿ ಲಾರಿ ನಿಲ್ಲಿಸಿ ಬದಿಯ ಚರಂಡಿಯನ್ನೇ ನೋಡುತ್ತ ಕೂತೆ. ಚರಂಡಿ ತಿರುವಿನ ಜೊತೆಗೇ ತಿರುಗಿತ್ತು, ಎಲ್ಲೂ ಒಡಕಿಲ್ಲ. ಮೊದಲಾದರೆ ಅದರ ಮೇಲೆ ಕಣ್ಣು ಸಹ ಹೋಗುತ್ತಿರಲಿಲ್ಲ. ಈಗ ಅಲ್ಲಿ ಯಾರೋ ಕೂತು ಕಳೆದ ರಾತ್ರಿಗಳು ಕಾಣುತ್ತವೆ. ಅಂದಿನಿಂದ ನನ್ನದು ಒಂದೇ ನಿಯಮ: ರಸ್ತೆಗೆ ದುಡ್ಡು ಕೊಡುತ್ತೇನೆ, ಬಣ್ಣಕ್ಕೆ ಇಲ್ಲ.

ಇನ್ನೊಂದು ವಿಷಯವೂ ಇದೆ. ಆಟಕ್ಕೆ ಹೊಸ ವರ್ಷನ್ ಬಂದಾಗ ಎಷ್ಟೋ ಸಲ ಮಾಡ್ ಕೆಡುತ್ತದೆ. ಒಮ್ಮೆ ನನ್ನ ಲಾರಿಯ ಗಾಜು ಪೂರ್ತಿ ಕಪ್ಪಾಯಿತು. ನನ್ನ ಮಾಡ್ ಇಳಿಸಿಕೊಂಡಿದ್ದ ಹುಡುಗರು ವಾಟ್ಸ್ಆ್ಯಪ್‌ನಲ್ಲಿ ನನ್ನನ್ನು ಹರಿದು ತಿಂದರು, ಪುಕ್ಕಟೆ ಕೊಟ್ಟದ್ದಕ್ಕೇ! ಮಾರಿಕಾಂಬಾ ಜಾತ್ರೆಯ ಫ್ಲೆಕ್ಸ್ ಆರ್ಡರ್ ತಲೆ ಮೇಲಿತ್ತು, ರಿಪೇರಿಗೆ ತಿಂಗಳು ಹಿಡಿಯಿತು. ಐಬೀರಿಯಾಕ್ಕೆ ಅಂಥದ್ದು ಆಗಲಿಲ್ಲ, ಕಂಪನಿಯವರೇ ವರ್ಷನ್ ಜೊತೆಗೆ ಅದನ್ನೂ ಸರಿ ಮಾಡಿ ಕೊಡುತ್ತಾರೆ. ಹಾಗಂತ ಎರಡಕ್ಕೂ ಜಗಳ ಅಂತಲ್ಲ. ಪ್ರೋಮಾಡ್ಸ್ ಅಂತ ಅಭಿಮಾನಿಗಳದ್ದೇ ದೊಡ್ಡ ಮ್ಯಾಪ್ ಇದೆ, ಪುಕ್ಕಟೆ. ಆದರೆ ಅದು ನಡೆಯಲು ಕಂಪನಿಯ ಮ್ಯಾಪ್ ಡಿಎಲ್‌ಸಿಗಳು ಬೇಕು.

ಒಬ್ಬ "ಐವತ್ತು ರೂಪಾಯಿ ಇಟ್ಟು ಮಾರೋ ಮಾರಾಯ" ಅಂದ. ಲಾರಿ ನನ್ನದಲ್ಲವಲ್ಲ. ಮಾಡಿದವರಿಗೆ ಮೊದಲೇ ಮೆಸೇಜ್ ಹಾಕಿ ಕೇಳಿದ್ದೆ, ಒಂಬತ್ತು ದಿನಕ್ಕೆ ಉತ್ತರ ಬಂದಿತ್ತು: ಬಳಸಿ, ನನ್ನ ಹೆಸರು ಹಾಕಿ, ಮಾರಬೇಡಿ. ಮಾಡ್ ಮಾರಲು ಹೋಗಿ ದೊಡ್ಡವರೇ ಒಮ್ಮೆ ಕೈ ಸುಟ್ಟುಕೊಂಡಿದ್ದಾರೆ. 2015ರ ಏಪ್ರಿಲ್‌ನಲ್ಲಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸ್ಕೈರಿಮ್ ಆಟದ ಮಾಡ್‌ಗಳನ್ನು ದುಡ್ಡಿಗೆ ಇಟ್ಟಿದ್ದರು. ಮಾಡಿದವನಿಗೆ ನೂರಕ್ಕೆ 25, ಉಳಿದದ್ದು ಕಂಪನಿಗಳಿಗೆ. ಜನ ರೊಚ್ಚಿಗೆದ್ದರು, ವಾರದೊಳಗೆ ವಾಪಸ್ ತೆಗೆದರು.

ದೇವಿಮನೆ ಘಟ್ಟ ಈಗಲೂ ಮೂರನೇ ತಿರುವಿನಲ್ಲೇ ನಿಂತಿದೆ. ಅಲ್ಲಿಂದ ಮುಂದೆ ಹೋದರೆ ಲಾರಿ, ಅಡಿಕೆ, ಅಮ್ಮನವರ ಹಲಗೆ ಎಲ್ಲ ಸೀದಾ ಕೆಳಗೆ. ಕುಮಟೆಯ ಭಾವ ಫೋನ್ ಮಾಡಿದಾಗಲೆಲ್ಲ ಕೇಳುತ್ತಾನೆ, "ನಿನ್ನ ರಸ್ತೆ ನಮ್ಮೂರಿಗೆ ಇನ್ನೂ ಬರ್ಲಿಲ್ವನೋ?"