ಒಟ್ಟು ಅಂಕ ಬಿಟ್ಟು ತಪ್ಪಿನ ಜಾಡು ಹಿಡಿದ ಮೇಲೆ

ನಿಮ್ಹಾನ್ಸ್ ಬ್ಯಾಟರಿ (ಓದು, ಬರಹ, ಲೆಕ್ಕದ ಟೆಸ್ಟ್‌ಗಳ ಗೊಂಚಲು) ಮಾಡಿ, ಮಿಸಿಕ್ ಅನ್ನೋ ಬುದ್ಧಿಮತ್ತೆ ಟೆಸ್ಟಿನ ಅಂಕ ಬರೆದು, ‘ಕಲಿಕಾ ನ್ಯೂನತೆ ಇದೆ’ ಅಂತ ರಿಪೋರ್ಟ್ ಕೊಡೋದು ಶಾಲಾ ಮಕ್ಕಳಿಗೆ ಟೆಸ್ಟ್ ಮಾಡೋ ನಮಗೆಲ್ಲ ಅಭ್ಯಾಸ ಆಗಿದೆ. ಮಾರನೇ ದಿನ ಟೀಚರ್ ಬಂದು ‘ಈಗ ಏನು ಮಾಡೋದು ಮೇಡಂ’ ಅಂದಾಗ ಮಾತ್ರ ರಿಪೋರ್ಟ್ ಕೈಕೊಡುತ್ತೆ. ಮಿದುಳಿನ ಯಾವ ಕೆಲಸ ಎಲ್ಲಿ ತೊಡಕುತ್ತೆ ಅಂತ ನೋಡೋ ನ್ಯೂರೋಸೈಕಾಲಜಿ ನನಗೆ ಬೇಕಾಗಿದ್ದು ಅಲ್ಲಿ. ಶಿವಮೊಗ್ಗದ ಒಂದು ಮೀಟಿಂಗಿನಲ್ಲಿ ಇದನ್ನ ಹೇಳಿದ್ದಕ್ಕೆ ಹಿರಿಯರೊಬ್ಬರು ನಕ್ಕಿದ್ದರು: ‘ಅದೆಲ್ಲ ಮಣಿಪಾಲದ ಡಾಕ್ಟ್ರ ಕೆಲಸ ಮಾರಾಯ್ರೇ, ಸ್ಕೂಲಲ್ಲಿ ನಡೆಯಲ್ಲ.’ ನಡೆದಿದೆ, ತೀರ್ಥಹಳ್ಳಿ-ಹೊಸನಗರ ಕಡೆಯ ಶಾಲೆಗಳಲ್ಲೇ.

ಮೊದಲು ದುಡ್ಡು ಹೋದ ಕತೆ. ನೆನಪಿನ ಶಕ್ತಿ ಹೆಚ್ಚಿಸುವ ಆ್ಯಪ್ ಅಂತ ಒಂದಕ್ಕೆ ಸುಮಾರು ಒಂಬತ್ತು ಸಾವಿರ ಕೈಯಿಂದ ಕಟ್ಟಿದೆ. ಆಟದಲ್ಲಿ ಮಕ್ಕಳ ಸ್ಕೋರ್ ಮೇಲೆ ಮೇಲೆ ಹೋಯಿತು, ಓದು ಇದ್ದಲ್ಲೇ ಉಳಿಯಿತು. ಆಟ ಆಡಿದರೆ ಆಟ ಬರುತ್ತೆ, ಅಷ್ಟೇ. ಕಾಪಿ ಬರೆಸೋದು ಅದಕ್ಕಿಂತ ದಂಡ. ಕೈ ನೋವು ಬಿಟ್ಟು ಬೇರೆ ಏನೂ ಬರಲಿಲ್ಲ.

ಆಮೇಲೆ ಹಿಡಿದಿದ್ದು ರಷ್ಯಾದ ನ್ಯೂರೋಸೈಕಾಲಜಿಸ್ಟ್ ಲೂರಿಯಾನ ದಾರಿ: ಎಷ್ಟು ತಪ್ಪು ಅನ್ನೋದಕ್ಕಿಂತ ಎಂಥ ತಪ್ಪು ಅಂತ ನೋಡೋದು. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಉಕ್ತಲೇಖನದಲ್ಲಿ ‘ಪ್ರಾಣಿ’ ಸರಿಯಾಗೇ ಬರೆಯೋನು. ‘ಸರ್ಪ’ ಅಂದರೆ ‘ಸಪ್ರ’, ‘ಸೂರ್ಯ’ ಅಂದರೆ ‘ಸೂಯ್ರ’. ಟೀಚರ್ ಪ್ರಕಾರ ಒತ್ತಕ್ಷರವೇ ಬರಲ್ಲ. ಹಾಗಲ್ಲ. ಅರ್ಕಾವತ್ತಿನಲ್ಲಿ ಬಾಯಿಗೆ ‘ರ್’ ಮೊದಲು, ಕೈಗೆ ಕೊನೆಗೆ. ಅಷ್ಟು ಹೊತ್ತು ಅದನ್ನ ತಲೆಯಲ್ಲಿ ಹಿಡಿದಿಡಬೇಕು. ಕೇಳಿದ ಅಂಕಿಗಳನ್ನ ಕೊನೆಯಿಂದ ಮೊದಲಿಗೆ ಹೇಳಿಸಿದರೆ ಮೂರು ಅಂಕಿಗೇ ಇವನ ಎಳೆ ಕಡಿಯುತ್ತಿತ್ತು. ಅದೇ ಕ್ಲಾಸಿನ ಹುಡುಗಿಗೂ ಹೆಚ್ಚುಕಮ್ಮಿ ಅಷ್ಟೇ ಮಾರ್ಕ್ಸ್, ಆದರೆ ಅಂಕಿ ಸಲೀಸು, ರೇ ಚಿತ್ರ ಅನ್ನೋ ಗೋಜಲು ಗೆರೆಚಿತ್ರವನ್ನ ನೆನಪಿನಿಂದ ಬರೆಸಿದರೂ ಚೆನ್ನ. ಸ್ಟಾಪ್‌ವಾಚ್ ಹಿಡಿದು ಸಾಲಾಗಿ ಚಿತ್ರಗಳ ಹೆಸರು ಹೇಳಿಸಿದೆ ನೋಡಿ, ಆಗ ಗೊತ್ತಾಯಿತು: ಎಲ್ಲ ಸರಿ, ಆದರೆ ಎಳೆದೂ ಎಳೆದೂ. ಅಂದರೆ ಇವಳ ತೊಡಕು ನೆನಪಿನದ್ದಲ್ಲ, ವೇಗದ್ದು.

ಹುಡುಗನಿಗೆ ಕಾರ್ಡ್ ಮಾಡಿದೆ. ಮೂಲಾಕ್ಷರ ಒಂದರಲ್ಲಿ, ಒತ್ತು ಇನ್ನೊಂದರಲ್ಲಿ. ಬಾಯಲ್ಲಿ ಬಿಡಿಸಿ ಹೇಳಿ, ಜೋಡಿಸಿ, ಆಮೇಲೆ ಬರವಣಿಗೆ. ದುರ್ಗಿಗುಡಿಯಲ್ಲಿ ಲ್ಯಾಮಿನೇಷನ್ ಸೇರಿ ಆರುನೂರರ ಹತ್ತಿರ ಬಿತ್ತು.  ಹುಡುಗಿಗೆ ಕಾರ್ಡೇ ಇಲ್ಲ: ಒಂದೇ ಸಣ್ಣ ಪ್ಯಾರಾ, ದಿನಾ ಐದು ನಿಮಿಷ, ಮತ್ತೆ ಮತ್ತೆ ಗಟ್ಟಿಯಾಗಿ ಓದು. ನಾಲ್ಕೈದು ತಿಂಗಳಲ್ಲಿ ಹುಡುಗ ಇಪ್ಪತ್ತು ಅರ್ಕಾವತ್ತಿನ ಪದಗಳಲ್ಲಿ ನಾಲ್ಕೈದರಿಂದ ಹದಿನಾಲ್ಕಕ್ಕೆ ಬಂದ. ಹುಡುಗಿಯ ಓದು ನಿಮಿಷಕ್ಕೆ ಇಪ್ಪತ್ತು ಚಿಲ್ಲರೆ ಪದ ಇದ್ದದ್ದು ನಲವತ್ತು ದಾಟಿತು. ನಕ್ಕವರೇ ಈಗ ಫೋನ್ ಮಾಡಿ ಕಾರ್ಡ್ ಕೇಳುತ್ತಾರೆ.

ನಡುವೆ ಇನ್ನೊಂದು ಸಿಕ್ಕಿತು. ಅಡಿಕೆ ಕೊಯ್ಲಿನ ಹೊತ್ತಲ್ಲಿ ಟೆಸ್ಟ್ ಮಾಡಿದರೆ ಅರ್ಧ ಕ್ಲಾಸಿಗೆ ಗಮನದ ಸಮಸ್ಯೆ ಇದ್ದಂತೆ ಕಾಣುತ್ತೆ. ಮನೆಯಲ್ಲಿ ರಾತ್ರಿ ಹನ್ನೊಂದು-ಹನ್ನೆರಡರ ತನಕ ಸುಲಿಯೋ ಕೆಲಸ, ಮಕ್ಕಳೂ ಎದ್ದೇ ಇರುತ್ತಾರೆ. ಕೊಯ್ಲು ಮುಗಿದ ಮೇಲೆ ಅದೇ ಮಕ್ಕಳಲ್ಲಿ ಕೆಲವರು ಎರಡು ಅಂಕಿ ಜಾಸ್ತಿ ಹೇಳಿದರು. ಹಾಗಾಗಿ ಆ ತಿಂಗಳುಗಳಲ್ಲಿ ನಾನು ಟೆಸ್ಟ್ ಕಿಟ್ ಮುಟ್ಟೋದೇ ಇಲ್ಲ. ಮಳೆಗಾಲದಲ್ಲಿ ಕಿವಿ ಸೋರೋ ಮಕ್ಕಳನ್ನ ಮೊದಲು ಇಎನ್‌ಟಿಗೆ ಕಳಿಸಿ. ಶಿಕಾರಿಪುರ ಕಡೆಯ ಲಂಬಾಣಿ ಮಕ್ಕಳಿಗೆ ಚಿತ್ರದ ಹೆಸರು ಮನೆಮಾತಲ್ಲೂ ಹೇಳಿಸಿ. ಅಲ್ಲಿ ಚುರುಕಾಗಿದ್ದರೆ ತೊಡಕು ಕನ್ನಡದ ರೂಢಿಯದ್ದು, ಮಿದುಳಿನದ್ದಲ್ಲ. ಅಲ್ಪಪ್ರಾಣ-ಮಹಾಪ್ರಾಣ ತಪ್ಪನ್ನ ನಾನು ಲೆಕ್ಕಕ್ಕೇ ಹಿಡಿಯಲ್ಲ, ಟೀಚರ್ ಬಾಯಲ್ಲೇ ಇರಲ್ಲ ಅದು.

ಹಾಗಂತ ಬ್ಯಾಟರಿ ಬಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ; ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆಯೋಕೆ ಜನ ಬೇಕಾದರೆ ಸರ್ಟಿಫಿಕೇಟ್ ಇರಲೇಬೇಕು. ಎಂಥ ತಪ್ಪು ಅನ್ನೋ ನನ್ನ ಟಿಪ್ಪಣಿಯನ್ನ ಬ್ಯಾಟರಿ ರಿಪೋರ್ಟಿನ ಹಿಂದೆ ಪಿನ್ ಹೊಡೆದು ಟೀಚರ್ ಕೈಗೆ ಕೊಡುತ್ತೇನೆ, ಒಂದೇ ಪುಟ.

ಗಣಿತದ ಮಕ್ಕಳು ಮಾತ್ರ ಇನ್ನೂ ಬಗ್ಗಿಲ್ಲ. ಕಳೆಯುವ ಲೆಕ್ಕದಲ್ಲಿ ದಶಕ ತರೋ ಕಡೆ ಸಿಕ್ಕಿಬೀಳೋರಿಗೆ ಚೌಕಳಿ ಹಾಳೆ ಕೊಟ್ಟು ನೋಡುತ್ತಿದ್ದೇನೆ. ಸಾಲು ತಪ್ಪೋದು ನಿಂತಿದೆ, ಉತ್ತರ ಇನ್ನೂ ತಪ್ಪೇ.