ನಾನು ಸ್ಕ್ಯಾನರ್ ತೆಗೆಯಲಿಲ್ಲ

ತುಮಕೂರಿನಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಬಾಡಿಗೆಗೆ ಕೊಟ್ಟ ಎರಡು ಮನೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂತಲ್ಲ, ಆಗ ನಮ್ಮ ಬೀದಿಯಲ್ಲೂ ‘ಕ್ಯಾಶ್ ಮಾತ್ರ’ ಅಂತ ರಟ್ಟಿನ ಬೋರ್ಡುಗಳು ಎದ್ದವು. ಪಕ್ಕದ ಅಂಗಡಿಯವರು ಬಂದು, “ನೀನೂ ಯುಪಿಐ ಸ್ಕ್ಯಾನರ್ ಕಿತ್ತಾಕಪ್ಪ, ಯಾಕೆ ಬೇಕು ರಗಳೆ” ಅಂದರು. ನನಗೆ ಜಿಎಸ್‌ಟಿ ನಂಬರ್ ಮೊದಲೇ ಇತ್ತು, ಹೆದರುವಂಥದ್ದೇನಿರಲಿಲ್ಲ. ಮೇಲಾಗಿ ಆದಾಯ ತೆರಿಗೆಯಲ್ಲಿ ನನಗೆ ದುಡ್ಡು ಉಳಿಸುತ್ತಿದ್ದುದೇ ಆ ಸ್ಕ್ಯಾನರ್.

ನಾನಿರುವುದು ಆದಾಯ ತೆರಿಗೆಯ ಅಂದಾಜು ಲಾಭದ ಲೆಕ್ಕದಲ್ಲಿ. 2025-26ರವರೆಗೆ ಅದು ಹಳೆ ಕಾಯ್ದೆಯ 44ಎಡಿ ಸೆಕ್ಷನ್. ಖರ್ಚಿನ ಬಿಲ್ಲು ಒಂದೊಂದಾಗಿ ತೋರಿಸಬೇಕಿಲ್ಲ. ಕ್ಯಾಶ್ ವ್ಯಾಪಾರದಲ್ಲಿ ಶೇ. 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದರಲ್ಲಿ ಶೇ. 6 ಲಾಭ ಅಂತ ಹಿಡಿಯುತ್ತಾರೆ. ಇದು ಕನಿಷ್ಠ. ನಿಜವಾದ ಲಾಭ ಜಾಸ್ತಿ ಇದ್ದರೆ ಜಾಸ್ತಿಯೇ ತೋರಿಸಬೇಕು. ಸಿಮೆಂಟು, ಕಬ್ಬಿಣದಲ್ಲಿ ನನಗೆ ಅಷ್ಟು ಉಳಿದರೇ ಪುಣ್ಯ.

2025-26ರ ವಹಿವಾಟು 1.6 ಕೋಟಿ. ಅದರಲ್ಲಿ ಕ್ಯಾಶ್ 40 ಲಕ್ಷ, ಉಳಿದದ್ದು ಬ್ಯಾಂಕಿಗೆ. ಕ್ಯಾಶಿನ ಲಾಭ 3.2 ಲಕ್ಷ, ಬ್ಯಾಂಕಿನದು 7.2 ಲಕ್ಷ, ಕೂಡಿದರೆ 10.4 ಲಕ್ಷ. ಪೂರ್ತಿ ಕ್ಯಾಶ್ ಆಗಿದ್ದರೆ 12.8 ಲಕ್ಷ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆಯಾಗುವುದರಿಂದ, ಗೆರೆಯ ಈ ಕಡೆ ಇದ್ದೇನೋ ಆ ಕಡೆಯೋ ಅನ್ನುವುದೇ ನನಗೆ ಮುಖ್ಯ.

ಕಂಟ್ರಾಕ್ಟರುಗಳ ಉದ್ರಿಯದೂ ಒಂದು ಕಥೆ ಇದೆ. ಮಾರ್ಚ್‌ನಲ್ಲಿ ಮಾಲು ಒಯ್ದು ಜೂನ್‌ನಲ್ಲಿ ದುಡ್ಡು ಕೊಡುತ್ತಾರೆ. ರಿಟರ್ನ್ ಹಾಕುವ ಕೊನೆ ದಿನದೊಳಗೆ ಆ ದುಡ್ಡು ಬ್ಯಾಂಕಿಗೆ ಬಂದರೆ ಅದೂ ಶೇ. 6ರ ಲೆಕ್ಕಕ್ಕೇ ಸೇರುತ್ತದೆ. ಅದಕ್ಕೇ ಯಾರಾದರೂ ನೋಟಿನ ಕಟ್ಟು ಹಿಡಿದು ಬಂದರೆ, “ಅಣ್ಣ, ಅಕೌಂಟಿಗೇ ಹಾಕಿಬಿಡಿ” ಅನ್ನುತ್ತೇನೆ.

ಇನ್ನು ಮೇಲಿನ ಮನೆಗಳು. ತಲಾ 9,000, ವರ್ಷಕ್ಕೆ 2,16,000. ಆ ಭಾಗಕ್ಕೆ ಕಟ್ಟಿದ ಕಂದಾಯ 12,000 ಕಳೆದರೆ 2,04,000. ಅದರಲ್ಲಿ ಶೇ. 30, ಅಂದರೆ 61,200, ಸುಮ್ನೆ ಕಳೆಯುತ್ತಾರೆ. ಬಣ್ಣ ಹೊಡೆಸಿದರೂ ಅಷ್ಟೇ, ಹೊಡೆಸದಿದ್ದರೂ ಅಷ್ಟೇ. ಮೊದಲೆಲ್ಲ ಪ್ಲಂಬರ್ ಚೀಟಿಗಳನ್ನೂ ಡಬ್ಬಿಯಲ್ಲಿ ಕೂಡಿಡುತ್ತಿದ್ದೆ, ದಂಡ! ಕಂದಾಯ ಮಾತ್ರ ಆ ವರ್ಷವೇ ಕಟ್ಟಿರಬೇಕು. ಒಂದು ವರ್ಷ ಮರೆತು ಮುಂದಿನ ವರ್ಷ ಎರಡೂ ಸೇರಿಸಿ ಕಟ್ಟಿದೆ. ಕಳೆಯಲು ಸಿಕ್ಕಿದ್ದೂ ಆಗಲೇ.

ನಾನು ಎಡವಿದ್ದು ಸಾಲದ ಬಡ್ಡಿಯಲ್ಲಿ. ಮೇಲಿನ ಮಹಡಿ ಕಟ್ಟಲು ತೆಗೆದ ಸಾಲಕ್ಕೆ ಈಗ ವರ್ಷಕ್ಕೆ 80,000 ಬಡ್ಡಿ. ಅದನ್ನು ಕಳೆಯುತ್ತಿದ್ದೆವು, ಸರಿ. ಆದರೆ ಕಟ್ಟಡ ಮುಗಿಯುವ ಮುಂಚಿನ ವರ್ಷಗಳಲ್ಲಿ ಕಟ್ಟಿದ ಬಡ್ಡಿ? ಅದನ್ನು ಕಟ್ಟಡ ಮುಗಿದ ವರ್ಷದಿಂದ ಐದು ಸಮ ಕಂತಿನಲ್ಲಿ ಕಳೆಯಬಹುದು. ನನಗೆ ಗೊತ್ತಿರಲಿಲ್ಲ, ಲೆಕ್ಕ ಬರೆಯುವವರೂ ಕೇಳಲಿಲ್ಲ. ಮೊದಲ ವರ್ಷದ ಕಂತು ಹೋಗಿಯೇಬಿಟ್ಟಿತು. ಆಮೇಲೆ ಬ್ಯಾಂಕಿನಿಂದ ಹಳೆ ವರ್ಷಗಳ ಬಡ್ಡಿ ಸರ್ಟಿಫಿಕೇಟ್ ತೆಗೆಸಿದೆ. ಒಟ್ಟು 1,50,000, ವರ್ಷಕ್ಕೆ 30,000. ಈಗ ಬಾಡಿಗೆಯಲ್ಲಿ ತೆರಿಗೆಗೆ ಉಳಿಯುವುದು 32,800. ಬಾಡಿಗೆಯವರು ಕೊಟ್ಟ ಅಡ್ವಾನ್ಸ್ ವಾಪಸ್ ಕೊಡಬೇಕಾದ ದುಡ್ಡು, ಅದು ಆದಾಯವಲ್ಲ.

“ಮನೆಗಳನ್ನು ಹೆಂಡತಿ ಹೆಸರಿಗೆ ಬರೆದುಬಿಡು” ಅಂತ ಬಂಧುಗಳೊಬ್ಬರು ಹೇಳಿದ್ದರು. ದಾನವಾಗಿ ಕೊಟ್ಟರೆ ಬಾಡಿಗೆ ಮತ್ತೆ ನನ್ನ ಲೆಕ್ಕಕ್ಕೇ ಬರುತ್ತದೆ. ನೋಂದಣಿ ಖರ್ಚು ಬೇರೆ, ಸುಮ್ನೆ ನಷ್ಟ. ಮುಂದೆ ಕಟ್ಟುವ ಮನೆಗೆ ಅವಳ ಟೈಲರಿಂಗ್ ದುಡ್ಡೂ ಹಾಕಿ ಜಂಟಿ ಹೆಸರಲ್ಲಿ ಮಾಡುವ ಆಲೋಚನೆ ಇದೆ.

ಪಕ್ಕದವರ ಬೋರ್ಡ್ ಮೂರು ವಾರ ಇತ್ತು. ಆಮೇಲೆ ಗಿರಾಕಿಗಳು ನನ್ನ ಕಡೆ ತಿರುಗಿದ್ದು ನೋಡಿ ಅವರೇ ಸ್ಕ್ಯಾನರ್ ಧೂಳು ಒರೆಸಿ ಇಟ್ಟರು.