ಉಸಿರು ನೋಡಿ ಆಸನ ಕೊಡುವ ಮಾಸ್ಟ್ರು

ಅಷ್ಟಾಂಗ ಯೋಗವನ್ನು ಮೈಸೂರಿನ ಕ್ರಮದಲ್ಲಿ ಕಲಿಸುವ ಕಡೆ ಹೊಸಬರು ಹೋದರೆ ಮೊದಲು ಕಣ್ಣಿಗೆ ಬೀಳುವುದು, ಅಲ್ಲಿ ಒಬ್ಬೊಬ್ಬರೂ ಒಂದೊಂದು ಮಾಡುತ್ತಿರುವುದು. ಒಬ್ಬರು ಸೂರ್ಯನಮಸ್ಕಾರದಲ್ಲಿ, ಪಕ್ಕದವರು ಶೀರ್ಷಾಸನದಲ್ಲಿ, ಮೂಲೆಯಲ್ಲಿ ಯಾರೋ ಎಲ್ಲ ಮುಗಿಸಿ ಮಲಗಿದ್ದಾರೆ. ಮುಂದೆ ನಿಂತು "ಈಗ ಎಲ್ಲರೂ ಕೈ ಎತ್ತಿ" ಎನ್ನುವವರಿಲ್ಲ. ಗುರುಗಳು ನಡುವೆ ಓಡಾಡುತ್ತಿರುತ್ತಾರೆ. ಯಾರಿಗೆ ಎಲ್ಲಿಯವರೆಗೆ ಕೊಟ್ಟಿದ್ದಾರೋ ಅಲ್ಲಿಯವರೆಗೆ ಮಾಡಿ ನಿಲ್ಲಿಸಬೇಕು. ಮುಂದಿನ ಆಸನವನ್ನು ನಾವು ತೆಗೆದುಕೊಳ್ಳುವ ಹಾಗಿಲ್ಲ, ಅವರೇ ಕೊಡಬೇಕು. ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲು–ಬದಿಯಡ್ಕದ ನಡುವಿನ ಒಂದು ಮನೆಯ ಚಾವಡಿಯಲ್ಲಿ ನಾನು ಕಲಿತದ್ದು, ಈಗಲೂ ಕಲಿಯುತ್ತಿರುವುದು ಹೀಗೆಯೇ.

ನಾನು ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಕಿ. ನಲವತ್ತು ದಾಟಿದ ಮೇಲೆ ಹೋದವಳು. ದಿನವಿಡೀ ನಿಂತು ಪಾಠ, ರಜೆಯಲ್ಲಿ ಮನೆಯಲ್ಲಿ ಅಡಿಕೆ ಸುಲಿಯಲು ಕೂತರೆ ಗಂಟೆಗಟ್ಟಲೆ ಬಗ್ಗಿಯೇ ಇರುವುದು. ಸೊಂಟ ಹಿಡಿದುಕೊಂಡಿತ್ತು. ಮೊದಲ ದಿನ ಮಾಸ್ಟ್ರು ಹೇಳಿಕೊಟ್ಟದ್ದು ಸೂರ್ಯನಮಸ್ಕಾರ 'ಎ' ಮಾತ್ರ. ಅದರಲ್ಲಿ 9 ವಿನ್ಯಾಸ, ಅಂದರೆ ಉಸಿರಿನ ಜೊತೆ ಹೊಂದಿಕೊಂಡ 9 ಚಲನೆಗಳು. ಕೆಲವು ಸಲ ಮಾಡಿಸಿ, ಉಸಿರು ಏರಿದ್ದು ಕಂಡೊಡನೆ ಪದ್ಮಾಸನದಲ್ಲಿ ಕೂರಿಸಿದರು, ಆಮೇಲೆ ಮಲಗಿಸಿದರು. "ಇವತ್ತಿಗೆ ಸಾಕು ಟೀಚರ್, ನಾಳೆ ಬನ್ನಿ." ಮರುದಿನವೂ ಅದೇ, ಅದರ ಮರುದಿನವೂ ಅದೇ. ಆಮೇಲೆ 17 ವಿನ್ಯಾಸಗಳ 'ಬಿ' ಬಂತು. ಪಾದಾಂಗುಷ್ಠಾಸನ, ತ್ರಿಕೋನಾಸನ, ಪಾರ್ಶ್ವಕೋನಾಸನ ಒಂದೊಂದಾಗಿ ಸೇರಿದವು. ನಿಂತು ಮಾಡುವ ಆಸನಗಳು ಮುಗಿದು ನೆಲಕ್ಕೆ ಕೂರುವ ಹೊತ್ತಿಗೆ ಮಳೆಗಾಲ ಕಳೆದಿತ್ತು.

ಇಷ್ಟು ನಿಧಾನ ಯಾಕೆ ಎನ್ನುವುದು ಕೆಲವು ತಿಂಗಳ ಮೇಲೆ ತಾನಾಗಿ ತಿಳಿಯಿತು. ಕ್ರಮ ಎಂದೂ ಬದಲಾಗುವುದಿಲ್ಲ. ಅದು ಮೈಗೆ ಹತ್ತಿದ ಮೇಲೆ 'ಮುಂದೆ ಯಾವುದು' ಎಂದು ಯೋಚಿಸುವ ಕೆಲಸವೇ ಇಲ್ಲ. ಆ ಯೋಚನೆ ಬಿಟ್ಟುಹೋದಾಗ ಉಳಿಯುವುದು ಉಸಿರು. ಮುಂದಿನ ಆಸನ ನೆನಪಾಗದೆ ಪಕ್ಕದವರತ್ತ ಕಣ್ಣು ಹಾಯಿಸಿದರೆ ಮಾಸ್ಟ್ರಿಗೆ ಗೊತ್ತಾಗುತ್ತದೆ. ಆ ವಾರ ಹೊಸತೇನೂ ಸಿಗುವುದಿಲ್ಲ.

ನಮ್ಮ ಮಾಸ್ಟ್ರು ಎಳೆಯ ವಯಸ್ಸಿನಲ್ಲಿ ಮೈಸೂರಿನ ಲಕ್ಷ್ಮೀಪುರಂ ಶಾಲೆಯಲ್ಲಿ ಕೆ. ಪಟ್ಟಾಭಿ ಜೋಯಿಸರ ಬಳಿ ಕಲಿತವರು. ಜೋಯಿಸರು ಹಾಸನ ಸಮೀಪದ ಕೌಶಿಕದವರು, 1915ರಲ್ಲಿ ಹುಟ್ಟಿದವರು. 1927ರಲ್ಲಿ ಹಾಸನದಲ್ಲಿ ಯೋಗಗುರು ಟಿ. ಕೃಷ್ಣಮಾಚಾರ್ಯರ ಪ್ರದರ್ಶನ ನೋಡಿ ಅವರ ಶಿಷ್ಯರಾದರು, 1948ರಲ್ಲಿ ಮೈಸೂರಿನಲ್ಲಿ ತಮ್ಮದೇ ಶಾಲೆ ತೆರೆದರು. ಶಾಲೆ ಗೋಕುಲಂಗೆ ಹೋದದ್ದು, ದೇಶವಿದೇಶದವರು ಸಾಲುಗಟ್ಟಿದ್ದು ಆಮೇಲಿನ ಕಥೆ. ಈ ವಿದ್ಯೆಯನ್ನು ಈಗ ಎಲ್ಲರೂ ಇಂಗ್ಲಿಷಿನಲ್ಲಿ ಓದುತ್ತಾರೆ, ಆದರೆ ಜೋಯಿಸರು 'ಯೋಗಮಾಲಾ' ಬರೆದದ್ದು ಕನ್ನಡದಲ್ಲಿ. 1962ರಲ್ಲಿ ಅಚ್ಚಾಯಿತು, ಇಂಗ್ಲಿಷಿಗೆ ಬಂದದ್ದು 1999ರಲ್ಲಿ. ನಮ್ಮ ಗಡಿಯೀಚೆಯ ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಚಾವಡಿ ಎಂದರೆ ಕಾವಿ ನೆಲದ ಉದ್ದನೆಯ ಕೋಣೆ, ಪಕ್ಕದಲ್ಲೇ ಅಡಿಕೆ ಒಣಗುವ ಅಂಗಳ. ನಸುಕಿನಲ್ಲಿ, ತೋಟದ ಕೆಲಸಕ್ಕೂ ಶಾಲೆಗೂ ಮೊದಲು ಸೇರುತ್ತೇವೆ. ಅಡಿಕೆಮರ ಹತ್ತುವವರೊಬ್ಬರಿದ್ದಾರೆ, ಅವರ ಮನೆಮಾತು ತುಳು. ಕಾಸರಗೋಡಿನ ಆಸ್ಪತ್ರೆಯ ನರ್ಸ್ ಒಬ್ಬರು ಮಲಯಾಳಂ ಮಾತ್ರ ಬಲ್ಲವರು. ಯಕ್ಷಗಾನದ ವೇಷಧಾರಿಯೊಬ್ಬರು ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ ಮೇಳದ ತಿರುಗಾಟ ಮುಗಿಯುವ ದಿನ, ಗೆಜ್ಜೆ ಬಿಚ್ಚಿದ ಮೇಲೆ ಬಂದು ದೀಪಾವಳಿಯವರೆಗೆ ತಪ್ಪದೆ ಮಾಡಿ, ಮತ್ತೆ ತಿರುಗಾಟಕ್ಕೆ ಹೋಗುತ್ತಾರೆ. ವರ್ಷಗಟ್ಟಲೆ ದಿಗಿಣ (ಸುತ್ತುತ್ತ ನೆಗೆಯುವ ಕುಣಿತ) ಹೊಡೆದು ಅವರ ಮಂಡಿ ಸವೆದಿದೆ. ಜಾನು ಶೀರ್ಷಾಸನ 'ಸಿ'ಯಲ್ಲಿ ಹಿಮ್ಮಡಿ ಎತ್ತಿ ಬೆರಳುಗಳನ್ನು ನೆಲಕ್ಕೆ ಊರಬೇಕು. ಅದನ್ನು ಅವರಿಗೆ ಇನ್ನೂ ಕೊಟ್ಟಿಲ್ಲ. 'ಎ'ಯನ್ನೇ ಎರಡು ಸಲ ಮಾಡಿ ಮುಂದೆ ಹೋಗುತ್ತಾರೆ.

ಮರ ಹತ್ತುವವರ ವಿಷಯ ಬೇರೆ. ತೋಳಿನಲ್ಲಿ ಅಷ್ಟು ಕಸುವಿರುವವರಿಗೆ, ಕೈಯೂರಿ ಇಡೀ ಮೈ ಎತ್ತುವ ಭುಜಪೀಡಾಸನ ಮೊದಲ ದಿನವೇ ಎದ್ದುಬಂತು, ನಾವೆಲ್ಲ ನೋಡುತ್ತ ನಿಂತೆವು. ಆದರೂ ಮಾಸ್ಟ್ರು ಅವರನ್ನು ಅಲ್ಲೇ ನಿಲ್ಲಿಸಿದರು. ಎತ್ತುವಾಗ ಅವರು ಉಸಿರು ಕಟ್ಟುತ್ತಿದ್ದರು, ಕೆಳಗಿಳಿದ ಮೇಲೆ ಒಮ್ಮೆಲೇ ಬಿಡುತ್ತಿದ್ದರು. "ಮೈ ಎತ್ತುವುದು ನನಗೆ ಕಾಣುತ್ತದೆ, ಉಸಿರು ಕೇಳಿಸುವುದಿಲ್ಲ" ಎಂದರು ಮಾಸ್ಟ್ರು.

ಅವರು ಕೇಳಿಸಿಕೊಳ್ಳುವುದು ನಿಜಕ್ಕೂ ಕಿವಿಯಿಂದ. ಈ ಅಭ್ಯಾಸದಲ್ಲಿ ಉಸಿರು ಮೂಗಿನಿಂದಲೇ, ಗಂಟಲಲ್ಲಿ ಮೆಲ್ಲನೆ ಸದ್ದಾಗುವ ಹಾಗೆ. ಒಳಗೆ ಎಳೆದುಕೊಂಡಷ್ಟೇ ಹೊತ್ತು ಹೊರಗೆ ಬಿಡಬೇಕು. ಹೆಚ್ಚಿನ ಆಸನಗಳಲ್ಲಿ ಐದು ಉಸಿರು. ಜೊತೆಗೆ ದೃಷ್ಟಿ: ಮೂಗಿನ ತುದಿ, ಹೊಕ್ಕುಳು, ಕಾಲ್ಬೆರಳು ಎಂದು ಪ್ರತಿ ಆಸನಕ್ಕೂ ಒಂದು ನೆಲೆ. ಉಸಿರು, ಆಸನ, ದೃಷ್ಟಿ ಈ ಮೂರನ್ನು ತ್ರಿಸ್ಥಾನ ಎನ್ನುತ್ತಾರೆ. ಮಾಸ್ಟ್ರು ನನಗೆ ಬೆನ್ನು ಹಾಕಿ ಬೇರೆಯವರ ಹತ್ತಿರ ಕೂತಿದ್ದಾಗಲೂ ನನ್ನ ಉಸಿರು ತಪ್ಪಿದರೆ ಅಲ್ಲಿಂದಲೇ "ಟೀಚರ್" ಎಂದು ಒಂದೇ ಮಾತು ಬರುತ್ತದೆ.

ನಾನು ಅತಿ ಹೆಚ್ಚು ಕಾಲ ನಿಂತದ್ದು ಮರೀಚ್ಯಾಸನ 'ಡಿ'ಯಲ್ಲಿ. ಪ್ರಥಮ ಶ್ರೇಣಿಯಲ್ಲಿ, ಅಂದರೆ ಆಸನಗಳ ಮೊದಲ ಸರಣಿಯಲ್ಲಿ, ಎಷ್ಟೋ ಜನ ಅಲ್ಲೇ ನಿಲ್ಲುತ್ತಾರೆ. ಎಡಗಾಲನ್ನು ಅರ್ಧಪದ್ಮಕ್ಕೆ ತರಬೇಕು, ಬಲಮಂಡಿ ಮೇಲೆತ್ತಿ ಅಂಗಾಲು ನೆಲಕ್ಕೆ ಊರಬೇಕು, ಹೊಟ್ಟೆಯನ್ನು ಬಲಕ್ಕೆ ತಿರುಗಿಸಿ ಎಡತೋಳನ್ನು ಬಲಮಂಡಿಯ ಹೊರಗಿನಿಂದ ಸುತ್ತಿ, ಬೆನ್ನ ಹಿಂದೆ ಎರಡೂ ಕೈ ಹಿಡಿಯಬೇಕು. ನನ್ನ ಎಡಮಂಡಿ ನೆಲಕ್ಕೆ ತಾಗದೆ ಗಾಳಿಯಲ್ಲಿ ನಿಲ್ಲುತ್ತಿತ್ತು. ಮಾಸ್ಟ್ರು ಅದನ್ನು ಒತ್ತಲು ಯಾವತ್ತೂ ಹೋಗಲಿಲ್ಲ. ಮಂಡಿ ಬಾಗಿಲ ಕೀಲಿನ ಹಾಗೆ ಮಡಚಿ ಬಿಡಿಸುವುದಕ್ಕೆ ಇರುವುದು, ತಿರುಗಬೇಕಾದದ್ದು ಸೊಂಟದ ಕೀಲು ಎಂದು ಹೇಳಿ, ಹಿಂದಿನ ಅರ್ಧಬದ್ಧ ಪದ್ಮ ಪಶ್ಚಿಮತ್ತಾನಾಸನಕ್ಕೆ ಕಳಿಸಿದರು. ಅಲ್ಲಿ ಹಿಮ್ಮಡಿಯನ್ನು ಹೊಕ್ಕುಳಿನ ಹತ್ತಿರಕ್ಕೆ ತಂದುಕೊಳ್ಳುವುದನ್ನೇ ತಿಂಗಳುಗಟ್ಟಲೆ ಮಾಡಿದೆ. ಆಮೇಲೆ 'ಡಿ'ಗೆ ಬಂದಾಗ ಅವರು ಮಾಡಿದ್ದು ಇಷ್ಟೇ: ನನ್ನ ಕೆಳಪಕ್ಕೆಲುಬಿನ ಮೇಲೆ ಎರಡು ಬೆರಳಿಟ್ಟು, "ಇಲ್ಲಿಂದ ಬಿಡಿ" ಎಂದರು. ಉಸಿರು ಪೂರಾ ಹೊರಗೆ ಹೋದ ಮೇಲೆ ಹೊಟ್ಟೆ ಒಳಗೆ ಸರಿದು ತಿರುಗಲು ಎಡೆಯಾಯಿತು. ಬೆನ್ನ ಹಿಂದೆ ಬೆರಳ ತುದಿಗಳು ಒಂದನ್ನೊಂದು ಮುಟ್ಟಿದವು. ಅಲ್ಲೇ ಐದು ಉಸಿರಿನಷ್ಟು ಹೊತ್ತು ಇದ್ದೆ. ಮರುದಿನ ಅದು ಬರಲಿಲ್ಲ, ಮೂರನೆಯ ದಿನ ಬಂತು. ಅದು ಗಟ್ಟಿಯಾದ ಮೇಲೆಯೇ ಮುಂದಿನ ಆಸನವಾದ ನಾವಾಸನ ಸಿಕ್ಕಿದ್ದು.

ಕೈ ಇಡುವ ವಿಷಯ ಬಂದದ್ದರಿಂದ ಒಂದು ಮಾತನ್ನು ಬಿಡಬಾರದು. ಪಟ್ಟಾಭಿ ಜೋಯಿಸರು ಆಸನ ಸರಿಪಡಿಸುವಾಗ ತಮ್ಮನ್ನು ಅನುಚಿತವಾಗಿ ಮುಟ್ಟಿದ್ದರೆಂದು ಅವರಲ್ಲಿ ಕಲಿತ ಹಲವು ಮಹಿಳೆಯರು ಬಹಿರಂಗವಾಗಿ ಹೇಳಿದ್ದಾರೆ. 2019ರಲ್ಲಿ ಮೊಮ್ಮಗ ಶರತ್ ಜೋಯಿಸರೇ, ಅಜ್ಜ ಸರಿಯಲ್ಲದ ರೀತಿಯಲ್ಲಿ ಮುಟ್ಟುವುದನ್ನು ತಾನೂ ಕಂಡಿದ್ದೆನೆಂದು ಬರೆದು ಕ್ಷಮೆ ಕೇಳಿದರು. ಗುರುಭಕ್ತಿಯ ಹೆಸರಲ್ಲಿ ಇದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಚಾವಡಿಯಲ್ಲಿ ಈ ವಿಷಯವನ್ನು ಮೊದಲು ಎತ್ತಿದ್ದು ಮಾಸ್ಟ್ರೇ. ತಮ್ಮ ಗುರುಗಳ ಬಗ್ಗೆ ಹಾಗೆ ಹೇಳುವಾಗ ಅವರಿಗೆಷ್ಟು ಕಷ್ಟವಾಯಿತೆಂದು ಮುಖದಲ್ಲಿ ಕಾಣುತ್ತಿತ್ತು. ಆವತ್ತಿನಿಂದ ಯಾರನ್ನು ಮುಟ್ಟುವುದಿದ್ದರೂ ಕೇಳಿಯೇ ಮುಟ್ಟುತ್ತಾರೆ, ಎಲ್ಲಿ ಕೈ ಇಡುತ್ತೇನೆಂದು ಮೊದಲೇ ಹೇಳುತ್ತಾರೆ. 'ಬೇಡ' ಎಂದರೆ ಬೇಡ, ಕಾರಣ ಕೇಳುವುದಿಲ್ಲ. ಪಶ್ಚಿಮತ್ತಾನಾಸನದಲ್ಲಿ ಬೆನ್ನಿಗೆ ಕೈ ಇಟ್ಟರೂ ನಾವು ಉಸಿರು ಬಿಡುವಾಗ ಮಾತ್ರ ಅದರ ಭಾರ ತಿಳಿಯುತ್ತದೆ, ಒಳಗೆಳೆಯುವಾಗ ಕೈ ಹಗುರಾಗುತ್ತದೆ.

ವಾರದಲ್ಲಿ ಒಂದು ದಿನ ಎಲ್ಲರೂ ಒಟ್ಟಿಗೆ, ಮಾಸ್ಟ್ರು ಎಣಿಸಿದ ಹಾಗೆ. ಮೊದಲು 'ವಂದೇ ಗುರೂಣಾಂ ಚರಣಾರವಿಂದೇ' ಶ್ಲೋಕ, ಆಮೇಲೆ ಏಕಂ, ದ್ವೇ, ತ್ರೀಣಿ. ಏಕಂ ಎಂದರೆ ಉಸಿರೆಳೆದು ಕೈ ಮೇಲೆ, ದ್ವೇ ಎಂದರೆ ಬಿಡುತ್ತ ಬಗ್ಗುವುದು. ಷಟ್ ಬಂದಾಗ ಅಧೋಮುಖ ಶ್ವಾನಾಸನದಲ್ಲಿ ಐದು ಉಸಿರು. ತುಳು, ಮಲಯಾಳಂ, ಕನ್ನಡ ಎಲ್ಲರಿಗೂ ಎಣಿಕೆ ಒಂದೇ, ಆದ್ದರಿಂದ ನರ್ಸಮ್ಮನಿಗೆ ಆ ದಿನ ಯಾರೂ ಮಾತು ದಾಟಿಸಬೇಕಾಗಿಲ್ಲ. ಆದರೆ ಎಣಿಕೆ ಕರುಣೆ ತೋರುವುದಿಲ್ಲ. ನಮ್ಮಷ್ಟಕ್ಕೆ ಮಾಡುವಾಗ ಕಷ್ಟದ ಆಸನದ ಮೊದಲು ಕೂದಲು ಸರಿಪಡಿಸುವುದು, ಬಟ್ಟೆ ಎಳೆದುಕೊಳ್ಳುವುದು, ನೀರು ಕುಡಿಯುವುದು ಎಲ್ಲ ಇರುತ್ತದೆ. ಎಣಿಕೆಯಲ್ಲಿ ಅದಕ್ಕೆಲ್ಲ ಜಾಗವಿಲ್ಲ. ನಾವಾಸನ ಐದು ಸಲ, ನಡುನಡುವೆ ಕೈಯೂರಿ ಮೈ ಎತ್ತಬೇಕು. ಕೊನೆಯ ಉತ್ಪ್ಲುತಿಯಲ್ಲಿ ಪದ್ಮಾಸನದಲ್ಲೇ ನೆಲ ಬಿಟ್ಟು ನಿಂತಾಗ ತೋಳು ನಡುಗುತ್ತದೆ. ಆಗ ಮಾಸ್ಟ್ರ ಎಣಿಕೆ ಇನ್ನಷ್ಟು ನಿಧಾನವಾಗುತ್ತದೆ.

ಹುಣ್ಣಿಮೆ, ಅಮಾವಾಸ್ಯೆ ಅಭ್ಯಾಸವಿಲ್ಲ. ಶನಿವಾರವೂ ಇಲ್ಲ. ಮೈಸೂರಿನಲ್ಲಿ ಆ ದಿನ ಹರಳೆಣ್ಣೆ ಹಚ್ಚಿ ಸ್ನಾನ ಮಾಡುವ ರೂಢಿ. ನಮ್ಮ ಕಡೆ ತೆಂಗಿನೆಣ್ಣೆಯೇ ಕೈಗೆ ಬರುವುದು, ಆದರೆ ಸೊಂಟ, ಮಂಡಿಗೆ ಹರಳೆಣ್ಣೆಯೇ ಆಗಬೇಕೆಂದು ಮಾಸ್ಟ್ರು ಹೇಳುತ್ತಾರೆ. ನನಗೂ ಅದರಿಂದ ಹಿತವಾಗಿದೆ. ಮುಟ್ಟಿನ ಮೊದಲ ಮೂರು ದಿನ ಹೆಂಗಸರಿಗೆ ವಿಶ್ರಾಂತಿ. ಕೆಲವರು ಇದನ್ನು ಹಳೆಯ ಮಡಿ-ಮೈಲಿಗೆ ಎಂದುಕೊಂಡು ಸಿಟ್ಟಾಗುತ್ತಾರೆ. ನನಗೆ ಆ ವಿಶ್ರಾಂತಿ ಬೇಕಾಗಿತ್ತು, ತೆಗೆದುಕೊಂಡೆ. ಬೆವರನ್ನು ಒರೆಸದೆ ಮೈಗೇ ತಿಕ್ಕಿಕೊಳ್ಳಲು ಹೇಳುತ್ತಾರೆ, ಯೋಗದ ಹಳೆಯ ಗ್ರಂಥ ಹಠಯೋಗ ಪ್ರದೀಪಿಕೆಯಲ್ಲೂ ಆ ಮಾತಿದೆ. ಏಪ್ರಿಲ್, ಮೇ ತಿಂಗಳ ನಮ್ಮೂರಿನ ಸೆಕೆಯಲ್ಲಿ ಬೆವರಿಗೆ ಬರವಿಲ್ಲ. ಗರ್ಭಪಿಂಡಾಸನದಲ್ಲಿ ಪದ್ಮಾಸನದ ಸಂದಿಯಿಂದ ತೋಳು ತೂರಿಸಲು ಬೇರೆ ಕಡೆ ನೀರು ಚಿಮುಕಿಸುತ್ತಾರೆ, ನಮಗೆ ಅದು ಬೇಕಾಗುವುದು ಡಿಸೆಂಬರಿನಲ್ಲಿ ಮಾತ್ರ. ಜಡಿಮಳೆಯ ತಿಂಗಳುಗಳಲ್ಲಿ ಕಾವಿ ನೆಲ ತಣ್ಣಗಿರುತ್ತದೆ, ಮೈ ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಆಗ ಸೂರ್ಯನಮಸ್ಕಾರವನ್ನೇ ಹೆಚ್ಚು ಮಾಡುತ್ತೇವೆ. ಅಡಿಕೆಗೆ ಮದ್ದು ಬಿಡುವ ಕಾಲದಲ್ಲಿ ಮರ ಹತ್ತುವವರು ಬಂದರೂ ನಿಂತ ಆಸನಗಳಷ್ಟನ್ನೇ ಮಾಡಿ ಹೋಗಬೇಕು. ಹಗಲಿಡೀ ಮರದ ಮೇಲಿರುವ ತೋಳಿಗೆ ಬೆಳಗ್ಗೆಯೇ ಆಯಾಸ ಕೂಡದು ಎಂಬುದು ಮಾಸ್ಟ್ರ ಕಟ್ಟುನಿಟ್ಟು.

ಈಗ ಕೆಲವು ಬೆಳಗ್ಗೆ ನಾನು ಮಾಸ್ಟ್ರ ಜೊತೆ ನಿಂತು ಹೊಸಬರನ್ನು ನೋಡಿಕೊಳ್ಳುತ್ತೇನೆ. ಅದು ತರಬೇತಿಯ ಇನ್ನೊಂದು ಭಾಗ. ಪ್ರಮಾಣಪತ್ರ, ಪರೀಕ್ಷೆ ಏನಿಲ್ಲ. ಮೊದಲು ಬಹಳ ದಿನ ಸುಮ್ಮನೆ ನಿಂತು ನೋಡಲು ಹೇಳಿದರು, ಯಾರನ್ನೂ ಮುಟ್ಟುವಂತಿರಲಿಲ್ಲ. ಮನೆಗೆ ಹೊರಡುವ ಮೊದಲು ಕೇಳುತ್ತಿದ್ದರು: ಆ ಹುಡುಗಿ ಎಲ್ಲಿ ಉಸಿರು ಕಟ್ಟಿದಳು? ಎಡಕ್ಕೋ ಬಲಕ್ಕೋ? ಕಣ್ಣು ಎಲ್ಲಿತ್ತು? ಆಸನ ಎಷ್ಟು ಚೆನ್ನಾಗಿ ಬಂತು ಎಂದು ಒಮ್ಮೆಯೂ ಕೇಳಲಿಲ್ಲ. ಮೂವತ್ತು ಮಕ್ಕಳ ತರಗತಿಯಲ್ಲಿ ಯಾರಿಗೆ ಪಾಠ ತಲುಪಿಲ್ಲ ಎಂದು ಗುರುತಿಸುವ ಕೆಲಸ ನನಗೆ ಹೊಸದಲ್ಲವಾದರೂ, ಮಾತಿಲ್ಲದೆ ಗುರುತಿಸಲು ಇಲ್ಲಿ ಕಲಿತೆ. ಅದನ್ನು ಶಾಲೆಗೂ ಒಯ್ದಿದ್ದೇನೆ.

ನನ್ನ ಅಭ್ಯಾಸ ಈಗ ಎರಡನೆಯ ಶ್ರೇಣಿಯ ಮೊದಲ ಆಸನವಾದ ಪಾಶಾಸನದಲ್ಲಿದೆ. ಪಾದ ಜೋಡಿಸಿ, ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರಗಾಲಲ್ಲಿ ಕೂತು, ಮೈ ತಿರುಗಿಸಿ ಕೈ ಕಟ್ಟಬೇಕು. ಅಡಿಕೆ ಹೆಕ್ಕಿ ಬೆಳೆದವರಿಗೆ ಹಾಗೆ ಕೂರುವುದು ಕಷ್ಟವಿಲ್ಲ, ತಿರುಗುವುದೇ ಕಷ್ಟ. ಮುಂದಿನದು ಯಾವಾಗ ಎಂದು ನಾನು ಕೇಳುವುದಿಲ್ಲ.

ನಮ್ಮ ಕಡೆಯವರು ಯಾರಾದರೂ ಕಲಿಯಬೇಕೆಂದಿದ್ದರೆ, ಗುರುಗಳನ್ನು ಹುಡುಕುವಾಗ ಕೆಲವನ್ನು ಗಮನಿಸಿ. ಮೊದಲ ದಿನವೇ ಇಡೀ ಶ್ರೇಣಿ ಮಾಡಿಸುವವರಾದರೆ ಬೇರೆ ಕಡೆ ವಿಚಾರಿಸಿ. ಮುಟ್ಟುವ ಮೊದಲು ಕೇಳುತ್ತಾರೋ ನೋಡಿ. ಮಂಡಿ ನೋಯುತ್ತದೆ ಎಂದಾಗ 'ತಡೆದುಕೊಳ್ಳಿ' ಎಂದರೆ ಎದ್ದು ಬನ್ನಿ. ಅವರು ಸ್ವತಃ ಈಗಲೂ ದಿನವೂ ಅಭ್ಯಾಸ ಮಾಡುತ್ತಾರೋ ಎಂದು ಕೇಳಲು ಸಂಕೋಚ ಬೇಡ. ಹೋಗುವ ದಿನ ಖಾಲಿ ಹೊಟ್ಟೆಯಲ್ಲಿ ಹೋಗಿ. ಗಂಜಿ ಊಟವನ್ನು ಮುಗಿಸಿ ಬಂದ ಮೇಲೆ ಇಟ್ಟುಕೊಳ್ಳಿ.